ಬೇರೆ ನೆಲದಲ್ಲಿ ವಿಶ್ವಾಸ: ಪ್ರವಾದಿ ಯೆರೆಮೀಯನ ಪತ್ರದಿಂದ ಒಂದು ಪಾಠ

(ಮೊದಲು ಓದಿಕೊಳ್ಳಬೇಕಾದ ಭಾಗ: ಯೆರೆಮೀಯನ ಗ್ರಂಥ, ಅಧ್ಯಾಯ 28, 29 ಮತ್ತು 32)

ಬೆಟ್ಟ ಹತ್ತಿ ಬರುವ ಭಕ್ತಾದಿಗಳ ಪ್ರಾರ್ಥನೆಗಳಲ್ಲಿ ಕಾಯಿಲೆ ವಾಸಿಯಾಗಲಿ ಎಂಬುದೇ ಹೆಚ್ಚು. ಅದನ್ನು ಬಿಟ್ಟರೆ ಇನ್ನೊಂದು ಬಗೆ ಇದೆ. ಇದ್ದ ಬದುಕು ಮುಗಿದಿದೆ, ಮುಂದಿನದು ಇನ್ನೂ ಶುರುವಾಗಿಲ್ಲ, ಅಂಥ ನಡುವಿನ ಸಮಯದ ಪ್ರಾರ್ಥನೆ ಅದು. ಅಡಿಕೆ ತೋಟ ಹೋಯ್ತು, ಮುಂದೇನು? ಮಗ ಬೆಂಗಳೂರು ಸೇರಿದ, ಮಗಳು ಗಲ್ಫ್‌ನಲ್ಲಿ ನರ್ಸ್, ಮನೆಯಲ್ಲಿ ಮುದುಕರಿಬ್ಬರೇ, ಸಂಜೆಯ ಜಪಸರ ಹೇಳೋದಕ್ಕೂ ಜನ ಇಲ್ಲ. ಕಾಯಿಲೆಯವರಿಗೆ ಪ್ರಾರ್ಥನಾ ಪುಸ್ತಕಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಇವರಿಗೆ ಏನಿದೆ ಅಂತ ಹುಡುಕಿದರೆ ಪವಿತ್ರ ಗ್ರಂಥದಲ್ಲಿ ಒಂದು ಪತ್ರವೇ ಇದೆ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬುಕದ್ನೆಚ್ಚರ ಜೆರುಸಲೇಮನ್ನು ಮಣಿಸಿ ಅಲ್ಲಿನ ಅರಸ, ರಾಜಮಾತೆ, ಅಧಿಕಾರಿಗಳು, ಬಡಗಿಗಳು, ಕಮ್ಮಾರರು ಹೀಗೆ ಕೈಕೆಲಸ ಬಲ್ಲವರನ್ನೆಲ್ಲ ಸೆರೆ ಒಯ್ದ. ಊರಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಅವರಿಗೆ ಪತ್ರ ಬರೆದು ಕಳಿಸಿದ. ಅದರ ಸಾರ ಇಷ್ಟು: ಅಲ್ಲೇ ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಬೆಳೆದದ್ದನ್ನು ಉಣ್ಣಿ. ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಊರಿಗೆ ಒಳ್ಳೆಯದಾಗಲಿ ಎಂದು ದೇವರಲ್ಲಿ ಬೇಡಿ. ತಿರುಗಿ ಬರುವುದು ಎಪ್ಪತ್ತು ವರ್ಷದ ಮಾತು.

ಎಪ್ಪತ್ತು ವರ್ಷ ಅಂದರೆ ಪತ್ರ ಓದಿದವರಲ್ಲಿ ಹೆಚ್ಚಿನವರು ವಾಪಸು ಬರೋದಿಲ್ಲ ಅಂತಲೇ ಅರ್ಥ. ಇಂಥ ಪತ್ರ ಯಾರಿಗೆ ಬೇಕು? ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಎಂದು ದೇವಾಲಯದಲ್ಲಿ ಜನರ ಮುಂದೆ ಸಾರಿದ್ದ. ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನೂ ಕಿತ್ತು ಮುರಿದ. ಅವನ ಮಾತು ಕೇಳಿ ಯೆರೆಮೀಯ ಮೊದಲು ಹೇಳಿದ್ದು ‘ಆಮೆನ್’, ಹಾಗೇ ಆಗಲಿ ಅಂತ. ಅವನಿಗೂ ಜನ ಬೇಗ ಬರಲಿ ಎಂಬ ಆಸೆ ಇತ್ತು. ಆದರೆ ಆಸೆಯನ್ನೇ ದೇವರ ಮಾತು ಎಂದು ಹೇಳಲು ಅವನು ಒಪ್ಪಲಿಲ್ಲ.

ನರಸಿಂಹರಾಜಪುರದ ಕಡೆಯವರಿಗೆ ಇದು ತಮ್ಮ ಮನೆಯ ಕಥೆಯ ಹಾಗೇ ಕೇಳುತ್ತದೆ. (ಊರಿಗೇ ಹೆಸರು ಬದಲಾಗಿದೆ. ಮುಂಚೆ ಎಡೆಹಳ್ಳಿ ಆಗಿದ್ದದ್ದು ಮೈಸೂರಿನ ಯುವರಾಜರ ಹೆಸರು ಪಡೆಯಿತು.) ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಕುಟುಂಬಗಳು ಎರಡನೇ ಮಹಾಯುದ್ಧದ ಕಾಲದ ಅಕ್ಕಿಯ ಅಭಾವ, ಪಾಲಿಗೆ ಬರುತ್ತಿದ್ದ ತುಂಡು ಜಮೀನು, ಇವುಗಳಿಂದಾಗಿ ಮಲಬಾರಿಗೆ ಬಂದವು. ಮುಂದಿನ ದಶಕಗಳಲ್ಲಿ ಅಲ್ಲಿಂದಲೂ ಮೇಲಕ್ಕೆ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನ ಕಾಡಂಚಿಗೆ ಬಂದವು. ಅದೇ ಹೊತ್ತಿನಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಜಮೀನು ಬಿಟ್ಟುಕೊಟ್ಟು ಇಲ್ಲಿಯ ಹಳಬರೇ ಗಂಟುಮೂಟೆ ಕಟ್ಟುತ್ತಿದ್ದರು. ನೆಲ ಹುಡುಕಿ ಬಂದವರೂ ನೆಲ ಕಳೆದುಕೊಂಡವರೂ ಒಂದೇ ಸಂತೆಯಲ್ಲಿ ಉಪ್ಪು ಮೆಣಸು ಕೊಂಡವರು. ಊರಿನ ಒಳಿತಿಗೆ ಬೇಡಿ ಎಂಬ ಮಾತನ್ನು ಇಲ್ಲಿ ಓದುವಾಗ ಇದು ನೆನಪಿರಬೇಕು.

ಬಂದವರು ಮಾಡಿದ್ದೂ ಯೆರೆಮೀಯ ಹೇಳಿದ್ದನ್ನೇ. ರಬ್ಬರ್ ಗಿಡ ನೆಟ್ಟರೆ ಹಾಲು ತೆಗೆಯಲು ಸುಮಾರು ಏಳು ವರ್ಷ. ಅಡಿಕೆ ಫಸಲಿಗೆ ಐದಾರು ವರ್ಷ, ಕಾಳುಮೆಣಸಿಗೆ ಮೂರು. ಅಲ್ಲಿವರೆಗೆ ಮರಗೆಣಸು, ಶುಂಠಿ, ಕೂಲಿ. ವಿಶ್ವಾಸದ ಪರೀಕ್ಷೆ ನಡೆಯುವುದು ಈ ವರ್ಷಗಳಲ್ಲಿ. ಹೊರಡುವ ದಿನ ಎಲ್ಲರಿಗೂ ಧೈರ್ಯ ಇರುತ್ತದೆ, ಫಸಲು ಬಂದ ಮೇಲೆ ಎಲ್ಲರಿಗೂ ಕೃತಜ್ಞತೆ ಇರುತ್ತದೆ. ನಾಲ್ಕನೇ ವರ್ಷದ ಮಳೆಗಾಲದಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಭಾನುವಾರದ ಪೂಜೆಗೆ ಹೊಳೆ ದಾಟಿ ಹೋಗುವುದು ಬೇರೆಯೇ ವಿಷಯ.

ಈ ಕುಟುಂಬಗಳ ಧರ್ಮಸಭೆಯ ವಿಳಾಸವೂ ಬದಲಾಗುತ್ತಾ ಬಂತು. ಸಿರೋ ಮಲಬಾರ್ ಸಭೆಯ ತಲಶ್ಶೇರಿ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ, ಮಾನಂತವಾಡಿ 1973ರಲ್ಲಿ, ಭದ್ರಾವತಿ 2007ರಲ್ಲಿ. ಭಾಷೆಯ ಮಾತು ಇನ್ನೂ ಸೂಕ್ಷ್ಮ. ಮೊಮ್ಮಕ್ಕಳು ಓದಿದ್ದು ಕನ್ನಡ ಶಾಲೆಯಲ್ಲಿ. ಅವರಿಗೆ ಮಲಯಾಳಂ ಮಾತು ಬರುತ್ತೆ, ಅಕ್ಷರ ಬರೋದಿಲ್ಲ. ಪ್ರಾರ್ಥನೆ ಕನ್ನಡದಲ್ಲಿ ಆಗಲಿ ಎಂದು ಅವರು ಕೇಳಿದರೆ ಹಿರಿಯರಿಗೆ ನೋವಾಗುತ್ತದೆ. ಆದರೆ ಆ ಹಿರಿಯರ ಬಾಲ್ಯದಲ್ಲಿ ಪೂಜೆ ನಡೆಯುತ್ತಿದ್ದದ್ದು ಸುರಿಯಾನಿ ಭಾಷೆಯಲ್ಲಿ. ಮಲಯಾಳಂ ಬಂದದ್ದು 1962ರಲ್ಲಿ. ಕೊಪ್ಪದ ಕಡೆಯ ಕೊಂಕಣಿ ಕ್ರೈಸ್ತರ ಹಿರಿಯರೂ ಲತೀನ್ ಪೂಜೆ ಕೇಳಿ ಬೆಳೆದವರೇ. ಎರಡನೇ ವ್ಯಾಟಿಕನ್ ಮಹಾಸಭೆ (1962-65) ಆದಮೇಲೆ ಜನರ ಭಾಷೆ ಪೀಠದ ಹತ್ತಿರ ಬಂತು. ಒಮ್ಮೆ ಬದಲಾವಣೆಯನ್ನು ದಾಟಿದವರು ಇನ್ನೊಮ್ಮೆ ದಾಟುವವರಿಗೆ ಕೈಕೊಡಬೇಕಲ್ಲವೇ? ಅಜ್ಜಿ ಹೇಳುವ ಮಲಯಾಳಂ ಪ್ರಾರ್ಥನೆಯನ್ನು ಮಕ್ಕಳು ಗೌರವದಿಂದ ಕೂತು ಕೇಳುವುದೂ ಅಷ್ಟೇ ಮುಖ್ಯ.

ಈಗಿನ ಕಷ್ಟಕ್ಕೆ ಬರೋಣ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಹಳದಿ ಎಲೆ ರೋಗ ತೋಟಗಳನ್ನು ತಿಂದಿದೆ. ಜೊತೆಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕೆ. ಇದು ಜಾತಿ ಮತ ನೋಡುವ ರೋಗ ಅಲ್ಲ, ಹಿಂದೂ ಕ್ರೈಸ್ತ ಎಲ್ಲರ ತೋಟವೂ ಒಂದೇ. ಹಳದಿ ರೋಗ ಕೇರಳದ ಮೂವಾಟ್ಟುಪುಳ, ಮೀನಚ್ಚಿಲ್ ಕಡೆ 1914ರಲ್ಲೇ ಕಂಡದ್ದು. ರಸ ಹೀರುವ ಸಣ್ಣ ಕೀಟದ ಮೂಲಕ ಹರಡುವ ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಇಷ್ಟು ವರ್ಷ ಕಳೆದರೂ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಗೊಬ್ಬರ, ಬಸಿಗಾಲುವೆ ಸರಿಯಾಗಿಟ್ಟರೆ ಸ್ವಲ್ಪ ಕಾಲ ಇಳುವರಿ ಉಳಿಸಿಕೊಳ್ಳಬಹುದು, ಅಷ್ಟೇ. ಇಂಥ ಹೊತ್ತಲ್ಲಿ ಒಂದು ಕ್ಯಾನು ಹಿಡಿದು ಬಂದು ಎರಡು ಸಲ ಹೊಡೆದರೆ ಸಾಕು ಎನ್ನುವವನು ಬಂದೇ ಬರುತ್ತಾನೆ. ಅವನೇ ಇಂದಿನ ಹನನ್ಯ. ದೊಡ್ಡ ಹರಕೆ ಹೊತ್ತರೆ ತೋಟ ತಿರುಗಿ ಹಸಿರಾಗುತ್ತೆ ಎಂದು ಹೇಳುವವರೂ ಅದೇ ಸಾಲಿಗೆ ಸೇರಿದವರು. ಸಾಲ ಮಾಡಿ ಹರಕೆ ತೀರಿಸಲು ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಯೆರೆಮೀಯ ಹೇಳಿದ್ದು, ಹೋದದ್ದನ್ನು ಹೋಯಿತು ಎಂದು ಒಪ್ಪಿಕೊಂಡು ಈ ವರ್ಷ ಏನು ನೆಡಬಹುದೋ ಅದನ್ನು ನೆಡಿ ಎಂದು. ಅಳಬಾರದು ಅಂತ ಹೇಳಲಿಲ್ಲ. ಅವನೇ ಬೇಕಾದಷ್ಟು ಅತ್ತವನು.

ಯೆಹೋಶುವನ ಗ್ರಂಥದ 5ನೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ, ಓದುವಾಗ ಜಾರಿಹೋಗುತ್ತದೆ. ನಲವತ್ತು ವರ್ಷ ಮರುಭೂಮಿಯಲ್ಲಿ ದಿನವೂ ಮನ್ನಾ ಬೀಳುತ್ತಿತ್ತು. ಇಸ್ರಯೇಲರು ಯೊರ್ದಾನ್ ದಾಟಿ ಹೊಸ ನಾಡಿನ ಧಾನ್ಯ ಉಂಡ ಮರುದಿನದಿಂದ ಅದು ನಿಂತಿತು. ನಡುವಿನ ಕಾಲಕ್ಕೆ ಸಿಕ್ಕ ಸಹಾಯ ಆ ಕಾಲಕ್ಕೆ ಮಾತ್ರ. ನೆಂಟರ ಮನೆ, ಸಂಘದ ಸಾಲ, ಪಡಿತರದ ಅಕ್ಕಿ, ಅಕ್ಕಪಕ್ಕದವರು ಕೊಟ್ಟ ಹಾಲು, ಇವು ನಿಂತಾಗ ದೇವರು ಕೈಬಿಟ್ಟ ಎಂದು ತಿಳಿಯಬಾರದು.

ಯೆರೆಮೀಯ ಪತ್ರ ಬರೆದು ಸುಮ್ಮನಿದ್ದವನಲ್ಲ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮತ್ತೆ ಮುತ್ತಿದ್ದಾಗ, ತಾನು ಕಾವಲಿನಲ್ಲಿರುವಾಗಲೇ, ಚಿಕ್ಕಪ್ಪನ ಮಗ ಹನಮೇಲನಿಂದ ಅನತೋತಿನ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿಗೆ ಕೊಂಡುಕೊಂಡ. ನಾಳೆ ಶತ್ರುವಿನ ಪಾಲಾಗುವ ಜಮೀನು! ಆದರೂ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ, ಸಾಕ್ಷಿಗಳ ಸಹಿ ಹಾಕಿಸಿ, ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು ಮಾಡಿಸಿ, ಬರೆಯುವವನಾದ ಬಾರೂಕನ ಕೈಗೆ ಕೊಟ್ಟ. ಬಹಳ ದಿನ ಕೆಡದೆ ಇರಲಿ ಎಂದು ಎರಡನ್ನೂ ಮಣ್ಣಿನ ಮಡಕೆಯಲ್ಲಿ ಇಡಿಸಿದ. ಮುಂದೊಂದು ದಿನ ಈ ನಾಡಲ್ಲಿ ಮನೆ, ಹೊಲ ಕೊಳ್ಳುವ ಕಾಲ ಬರುತ್ತದೆ ಎಂಬ ದೇವರ ಮಾತಿಗೆ ಅವನು ಕೊಟ್ಟ ಮುಂಗಡ ಅದು. ಆ ಹೊಲದಲ್ಲಿ ಅವನು ಉತ್ತ ಮಾತು ಗ್ರಂಥದಲ್ಲಿ ಎಲ್ಲೂ ಇಲ್ಲ. ಊರು ಬಿದ್ದ ಮೇಲೆ ಉಳಿದ ಜನ ಅವನನ್ನೂ ಬಾರೂಕನನ್ನೂ ಐಗುಪ್ತಕ್ಕೆ ಕರೆದುಕೊಂಡು ಹೋದರು.