ಪಾಸಿಂಗ್ ಪ್ಯಾಕೇಜಿನ ಆಚೆ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಸುತ್ತ ಹೊಲಗಳು ಲೇಔಟ್ ಆಗುತ್ತಿವೆ. ವೈಟ್‌ಫೀಲ್ಡ್ ಪಕ್ಕದಲ್ಲೇ ಇದೆ. ನನ್ನ ತರಗತಿಯಲ್ಲಿ ಕೂರುವವರು ಗಾರೆ ಕೆಲಸದವರ, ಸೆಕ್ಯುರಿಟಿಯವರ, ಮನೆಗೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಇವರಿಗೆ ಗಣಿತ ಹೇಳಿಕೊಡುತ್ತಾ ನಾನು ಕಲಿತದ್ದು ಇಲ್ಲಿದೆ.

1. ಪಾಸಿಂಗ್ ಪ್ಯಾಕೇಜನ್ನು, ಅಂದರೆ ಪಾಸಾಗಲು ಬೇಕಾದಷ್ಟೇ ಪಾಠದ ಕಂತೆಯನ್ನು, ಜೂನ್‌ನಲ್ಲೇ ಕೈಗಿಡಬೇಡಿ. ಥೇಲ್ಸ್ ಪ್ರಮೇಯ, ಸ್ಪರ್ಶಕದ ಪ್ರಮೇಯ, ನಕ್ಷೆ, ಇಷ್ಟನ್ನು ತಿದ್ದಿ ತೀಡಿಸಿದರೆ ಎಸ್ಸೆಸ್ಸೆಲ್ಸಿ ದಡ ಸೇರಬಹುದು, ನಿಜ. ರಿಸಲ್ಟ್ ಕೇಳುವ ಮೀಟಿಂಗಿನ ಬಿಸಿ ನನಗೂ ಗೊತ್ತು. ಆದರೆ "ನಿಂಗೆ ಇಷ್ಟು ಸಾಕು ಕಣಪ್ಪಾ" ಎಂದು ವರ್ಷದ ಆರಂಭದಲ್ಲೇ ಹೇಳಿದರೆ ಮಗು ಅದನ್ನು ಪಕ್ಕಾ ನಂಬುತ್ತದೆ. ಪರೀಕ್ಷೆ ಹತ್ತಿರ ಬಂದಾಗ, ನಿಜಕ್ಕೂ ಬೇಕಾದವರಿಗೆ ಕೊಟ್ಟರೆ ಸಾಕು.

2. ಮನೆಯಲ್ಲಿರುವ ಲೆಕ್ಕದಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ. ಪೈಥಾಗೊರಸ್ ಪಾಠದ ದಿನ ನಾನು ಮೊದಲು ದಾರ ತೆಗೆಸುತ್ತೇನೆ. ಪಾಯ ಗುರುತು ಹಾಕುವಾಗ ಮೇಸ್ತ್ರಿ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ಎರಡರ ನಡುವೆ 5 ಅಡಿ ಬಂತೇ ಎಂದು ಅಳೆಯುತ್ತಾರೆ. ಬಂದರೆ ಮೂಲೆ ಮಟ್ಟ. ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಬಂದ ಕೊನೆ ಬೆಂಚಿನ ಹುಡುಗ ಇದನ್ನು ನನಗಿಂತ ಚೊಕ್ಕವಾಗಿ ಮಾಡಿ ತೋರಿಸುತ್ತಾನೆ. 30×40 ಸೈಟಿನ ಕರ್ಣ ಎಷ್ಟು? "ಐವತ್ತು ಸಾರ್!" 30×50 ಸೈಟಿನದು? ಯಾರೂ ಬಾಯಿ ಬಿಡುವುದಿಲ್ಲ. ಅದು √3400, ಅಂದರೆ 10√34. ಟೇಪ್ ಹಿಡಿದರೆ 58 ಅಡಿ ಮೂರೂಮುಕ್ಕಾಲು ಇಂಚಿನ ಹತ್ತಿರ, ಆದರೆ ಯಾವ ಭಿನ್ನರಾಶಿಗೂ ಪೂರ್ತಿ ಸಿಗದ ಸಂಖ್ಯೆ. ಪುಸ್ತಕದಲ್ಲಿ √2ಕ್ಕೆ ಕೊಟ್ಟಿರುವ ಸಾಧನೆಯ ಜಾಡಿನಲ್ಲೇ √34 ಅಭಾಗಲಬ್ಧ ಎಂದು ಸಾಧಿಸಲು ಹೇಳಿ. ಗಾರೆಯವನ ಮಗ ತಾನೇ ಎಂದು ದಾರದಲ್ಲೇ ಬಿಟ್ಟರೆ ಅದೂ ಪಾಸಿಂಗ್ ಪ್ಯಾಕೇಜೇ.

3. ಮಕ್ಕಳಿಂದ ಹೆಚ್ಚು ಕೇಳುವವರು ಹೆಚ್ಚು ಹೊತ್ತು ಕೊಡಬೇಕು. ಬೊಲಿವಿಯಾದಿಂದ ಅಮೆರಿಕಕ್ಕೆ ವಲಸೆ ಹೋದ ಹೈಮೆ ಎಸ್ಕಲಾಂಟೆ, ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲಿನ ಬಡ ಮಕ್ಕಳಿಗೆ ಕಲನಶಾಸ್ತ್ರ ಕಲಿಸಿದರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಪರೀಕ್ಷೆ ಪಾಸಾದರು. ಪರೀಕ್ಷಾ ಸಂಸ್ಥೆ 14 ಮಂದಿಯ ಮೇಲೆ ನಕಲಿನ ಅನುಮಾನಪಟ್ಟಿತು. ಅವರಲ್ಲಿ 12 ಮಂದಿ ಮತ್ತೆ ಬರೆದರು, ಅಷ್ಟೂ ಜನ ಪಾಸು. ಇದರ ಮೇಲೆ 1988ರಲ್ಲಿ ಬಂದ ಸಿನಿಮಾ ನೋಡಿದವರಿಗೆ ಇದೆಲ್ಲ ದಿಢೀರ್ ಪವಾಡದಂತೆ ಕಾಣುತ್ತದೆ. ಅಸಲಿಗೆ ಎಸ್ಕಲಾಂಟೆ 1974ರಿಂದಲೇ ಆ ಶಾಲೆಯಲ್ಲಿದ್ದರು. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ, ರಜೆಯಲ್ಲೂ ಪಾಠ ನಡೆಯುತ್ತಿತ್ತು. ಭಾಷಣ ಮಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

4. ಸ್ಪೆಷಲ್ ಕ್ಲಾಸ್ ಬೆಳಗ್ಗೆ ಇಡಿ. ಸಂಜೆ ಇಟ್ಟರೆ ದೂರದ ಹಳ್ಳಿಯ ಹೆಣ್ಣುಮಕ್ಕಳು ಬಸ್ಸಿನ ಚಿಂತೆಯಲ್ಲೇ ಕೂತಿರುತ್ತಾರೆ.

5. ಎಂಟನೇ ತರಗತಿಯಲ್ಲೇ ಹೊರಗಿನ ಪರೀಕ್ಷೆಯೊಂದಕ್ಕೆ ಕೂರಿಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆಂದೇ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ತಂದೆತಾಯಿಯರೇ, ಮಗು ಎಂಟನೇ ತರಗತಿಗೆ ಬರುತ್ತಿದ್ದಂತೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಈ ಅರ್ಜಿಯ ಬಗ್ಗೆ ಕೇಳಿ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.