ಹಳೆಯ ಕಂಪ್ಯೂಟರ್ ಮತ್ತು ಅದರೊಳಗಿನ ಹಕ್ಕು

ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಟೈಪಿಂಗ್ ಅಂಗಡಿ ತೆರೆಯಬಯಸುವ ಒಬ್ಬ ಸಹೋದರನನ್ನು ಊಹಿಸಿಕೊಳ್ಳಿ. ಹೊಸ ಕಂಪ್ಯೂಟರಿಗೆ ಹಣ ಸಾಲದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯದೊಂದನ್ನು ಕೊಂಡು ತರುತ್ತಾನೆ. ಅದರಲ್ಲಿ ವಿಂಡೋಸ್ ಇದೆ, ಇನ್ನೂ ಕೆಲವು ಸಾಫ್ಟ್‌ವೇರ್‌ಗಳಿವೆ. ಲೈಸೆನ್ಸಿನ ಕಾಗದ ಮಾತ್ರ ಇಲ್ಲ. ಅವುಗಳಿಂದ ಗಳಿಸಿದ್ದು ಹಲಾಲ್ ಆಗುವುದೇ?

ಸಾಫ್ಟ್‌ವೇರ್ ಕೊಂಡವನಿಗೆ ದೊರೆಯುವುದು ಬಳಸುವ ಹಕ್ಕೇ ಹೊರತು ಒಡೆತನವಲ್ಲ. ತಯಾರಕರು ಕಂಪ್ಯೂಟರಿನ ಜೊತೆಗೇ ಹಾಕಿಕೊಡುವ ವಿಂಡೋಸ್‌ನ ಹಕ್ಕು ಆ ಒಂದು ಯಂತ್ರಕ್ಕೇ ಸೇರಿದ್ದು. ಮಂಡ್ಯದ ರೈತನಿಗೆ ಇದು ಸುಲಭವಾಗಿ ತಿಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಅಚ್ಚುಕಟ್ಟಿನ ಗದ್ದೆಗೆ ಸೇರಿದ್ದು. ಗದ್ದೆ ಮಾರಿದರೆ ನೀರೂ ಅದರೊಂದಿಗೆ ಹೋಗುತ್ತದೆ. ಗದ್ದೆಯನ್ನು ತಾನಿಟ್ಟುಕೊಂಡು ನೀರಿನ ಸರದಿಯನ್ನಷ್ಟೇ ಬೇರೆಯವನಿಗೆ ಮಾರುವಂತಿಲ್ಲ.

ಹಾಗಾದರೆ ಕಾಗದದ ಸ್ಥಾನವೇನು? ಸಾಲವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತದಲ್ಲಿ ಆದೇಶಿಸಿದೆ. ಆದರೆ ಪತ್ರ ಕಳೆದುಹೋದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಬರಹವು ಹಕ್ಕಿಗೆ ಸಾಕ್ಷಿ. ಹಕ್ಕು ಹುಟ್ಟುವುದು ಕರಾರಿನಿಂದ. ಆದ್ದರಿಂದ ಮೂರು ಸಂದರ್ಭಗಳನ್ನು ಬೇರ್ಪಡಿಸಿ ನೋಡಬೇಕು.

ಒಂದು, ವಿಂಡೋಸ್ ಆ ಯಂತ್ರದೊಂದಿಗೇ ಬಂದದ್ದಾಗಿದ್ದು, ಅದರ ಮದರ್‌ಬೋರ್ಡ್ ಬದಲಾಗದಿದ್ದರೆ ಹಕ್ಕು ಯಂತ್ರದ ಜೊತೆಗೇ ನಿಮಗೆ ಬಂದಿದೆ. ಹಿಂದೆ ಇದಕ್ಕೆ ಪೆಟ್ಟಿಗೆಯ ಮೇಲಿನ ಚೀಟಿ ಸಾಕ್ಷಿಯಾಗಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ದೊಡ್ಡ ಕಂಪೆನಿಗಳು ಲೈಸೆನ್ಸ್ ಕೀಯನ್ನು ಮದರ್‌ಬೋರ್ಡಿನಲ್ಲೇ ಇಡುತ್ತಿವೆ. ಅಂಥ ಯಂತ್ರಕ್ಕೆ ಮೈಕ್ರೋಸಾಫ್ಟ್‌ನಿಂದಲೇ ಪಡೆದ ಅದೇ ಬಗೆಯ ವಿಂಡೋಸನ್ನು ಹೊಸದಾಗಿ ಹಾಕಿದರೆ ಕೀ ಕೇಳದೆಯೇ ಅದು ಊರ್ಜಿತವಾಗುತ್ತದೆ. ಕಾಗದವಿಲ್ಲದಿದ್ದರೂ ಸಾಕ್ಷಿ ಅಲ್ಲೇ ಇದೆ.

ಎರಡು, ಮಾರುವವನು ಬೇರೆ ಕಡೆಯಿಂದ ನಕಲು ಮಾಡಿ ತುಂಬಿಸಿದ ಸಾಫ್ಟ್‌ವೇರ್. ತನ್ನಲ್ಲಿಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಿಳಿಸಿದ್ದರು. ಅವನಲ್ಲಿಲ್ಲದ ಹಕ್ಕು ನಿಮಗೆ ಬರುವುದೆಂತು? ಅದನ್ನು ಅಳಿಸಿಹಾಕಿರಿ.

ಮೂರು, ಮೂಲ ತಿಳಿಯದಿದ್ದರೆ ವಿಚಾರಿಸಿರಿ. ಆಗಲೂ ಸ್ಪಷ್ಟವಾಗದಿದ್ದರೆ ಬಿಟ್ಟುಬಿಡುವುದೇ ಸಂದೇಹದಿಂದ ದೂರವಿರುವ ಮಾರ್ಗ.

ಕಂಪೆನಿ ಶ್ರೀಮಂತವಾಗಿದೆ, ಅದಕ್ಕೇನು ನಷ್ಟ ಎನ್ನುವವರಿದ್ದಾರೆ. ಶ್ರೀಮಂತನ ಗದ್ದೆಯ ಕಬ್ಬನ್ನು ಕೇಳದೆ ಕಡಿದರೆ ಅದು ಕಳವಲ್ಲವೇ? ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿ, ಗ್ರಂಥ ಮತ್ತು ಆವಿಷ್ಕಾರಗಳ ಹಕ್ಕಿಗೆ ಶರೀಅತ್‌ನ ರಕ್ಷಣೆಯಿದೆ ಎಂದು ನಿರ್ಣಯಿಸಿತು. ನಮ್ಮ ದೇಶದ ಕಾನೂನೂ ಹಾಗೆಯೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 63ಬಿ ಕಲಮಿನ ಪ್ರಕಾರ, ನಕಲಿ ಸಾಫ್ಟ್‌ವೇರನ್ನು ತಿಳಿದೂ ಬಳಸಿದವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಲಾಭಕ್ಕಾಗಿ ಬಳಸದವನಿಗೆ ಮಾತ್ರ ನ್ಯಾಯಾಲಯವು ಸೆರೆವಾಸ ಬಿಟ್ಟುಕೊಡಬಹುದು. ಅಂಗಡಿಯವನಿಗೆ ಆ ರಿಯಾಯಿತಿ ಇಲ್ಲ.

ಹಳೆಯ ಯಂತ್ರ ಮಾರುವ ಸಹೋದರರೂ ಗಮನಿಸಬೇಕು. ಪ್ರವಾದಿ(ಸ)ರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗಲಿತು. ಒದ್ದೆ ಕಾಳನ್ನು ಮೇಲೆಯೇ ಇಡಬೇಕಿತ್ತೆಂದು ಅವರು ವ್ಯಾಪಾರಿಗೆ ಹೇಳಿದರು. ಲೈಸೆನ್ಸ್ ಇಲ್ಲದ್ದನ್ನು ಇಲ್ಲವೆಂದೇ ಹೇಳಿ ಮಾರಿರಿ.

ದಾರಿ ಮುಚ್ಚಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ. ಲಿನಕ್ಸ್ ಮತ್ತು ಲಿಬ್ರೆ ಆಫೀಸನ್ನು ಯಾರೂ ಹಣ ಕೊಡದೆ ಬಳಸಬಹುದು. ತಿಳಿಯದೆ ನಕಲಿಯನ್ನು ಬಳಸಿದ್ದವರು ತಿಳಿದ ದಿನವೇ ನಿಲ್ಲಿಸಲಿ. ಅರ್ಜಿಯೊಂದನ್ನು ಟೈಪ್ ಮಾಡಿ ಪಡೆದ ಹತ್ತು ರೂಪಾಯಿಯೂ ಮಕ್ಕಳ ತಟ್ಟೆಗೆ ಹೋಗುವ ಅನ್ನವಲ್ಲವೇ?