ಎಸಿಗಿಂತ ಮೊದಲು ಮಾಳಿಗೆ ನೋಡಿ

ಪ್ರಶ್ನೆ: ಗೃಹಜ್ಯೋತಿಯಿಂದ ನಮಗೆ ಬಿಲ್ ಸೊನ್ನೆ. ಅತ್ತೆಯವರಿಗೆ ಸೆಕೆಗೆ ನಿದ್ದೆಯಿಲ್ಲ. ಎಸಿ ಹಾಕಿಸಲೇ?
– ಓದುಗರು, ಹಗರಿಬೊಮ್ಮನಹಳ್ಳಿ

ಅಮ್ಮಾ, ಅತ್ತೆಯವರ ನಿದ್ದೆಯೇ ಮೊದಲು, ಒಪ್ಪುತ್ತೇನೆ. ಆದರೆ ಆ ಸೆಕೆ ಬರುತ್ತಿರುವುದು ತಲೆಯ ಮೇಲಿನಿಂದ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಬಿಸಿಲನ್ನು ತಡೆಯುತ್ತಿತ್ತು. ಈಗಿನ ಆರ್‌ಸಿಸಿ ಮಾಳಿಗೆ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಸುವಾಗ ಮಾಳಿಗೆಯ ಮೇಲೂ ಎರಡು ಕೈ ಬಳಿಸಿ. ರಾತ್ರಿ ನೆನೆಸಿದ ಸುಣ್ಣಕ್ಕೆ ತುಸು ಅಂಟು ಬೆರೆಸಿದರೆ ಸಾಕು. ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ವರ್ಷ ಬಳಿಸಬೇಕು. ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಒಳಗೆ ಒಂದೆರಡು ಡಿಗ್ರಿ ಇಳಿದರೂ ಮುದುಕರ ಮೈಗೆ ಅದು ದೊಡ್ಡದು.

ಮಾಳಿಗೆಯ ನಂತರ ಫ್ಯಾನ್ ಬದಲಿಸಿ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಅದೇ ಒಂದು ಟನ್ ಎಸಿ, ರಾತ್ರಿಯಷ್ಟೇ ಹಾಕಿದರೂ, ತಿಂಗಳಿಗೆ 150 ಯೂನಿಟ್ ಮುಟ್ಟಬಹುದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗದು, ಪೂರ್ತಿ ಬಿಲ್ ನಿಮ್ಮದೇ.

ಬಿಲ್ ಸೊನ್ನೆಯಾದರೂ ಹೊಗೆ ಸೊನ್ನೆಯಲ್ಲ. ಬಳ್ಳಾರಿ ಪಕ್ಕದ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಉರಿಯುವುದು ಕಲ್ಲಿದ್ದಲು. ಅದರ ಹೊಗೆ ಭೂಮಿಯನ್ನು ಕಾಯಿಸುತ್ತದೆ. ಮುಂದಿನ ಬೇಸಿಗೆಗಳಲ್ಲಿ ಆ ಸೆಕೆ ಉಣ್ಣುವವರು ನಿಮ್ಮ ಮಕ್ಕಳು.

ಇಷ್ಟೆಲ್ಲ ಮಾಡಿದರೂ ಅತ್ತೆಯವರಿಗೆ ತಲೆಸುತ್ತು, ಸುಸ್ತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಎಸಿ ಬೇಕೇ ಬೇಕಾದರೆ ಐದು ಸ್ಟಾರಿನದನ್ನೇ ತಂದು, 26 ಡಿಗ್ರಿಗಿಟ್ಟು, ಜೊತೆಗೆ ಫ್ಯಾನ್ ಹಾಕಿ.